ಎಡಗಡೆಯ ಎತ್ತರ

ಭೀಮಾ ನದಿಯ ದಂಡೆಯ ಮೇಲೆ ಒಂದು ಸಣ್ಣ ಸಂಸ್ಥಾನ. ಆ ಸಂಸ್ಥಾನಕ್ಕೆ ಸೇರಿದ ಒಂದು ನೇಯ್ಗೆಮನೆ. ನೇಯ್ಗೆಮನೆಯಲ್ಲಿ ಇದ್ದದ್ದು ಒಂದೇ ಮಗ್ಗ. ಅದರ ಮುಂದೆ ಒಂದೇ ಹಲಗೆಯ ಮೇಲೆ ಗುರು ಶಿಷ್ಯರಿಬ್ಬರೂ ಕೂತು ರತ್ನಗಂಬಳಿ ನೇಯುತ್ತಿದ್ದರು.

ಗುರುವಿನ ಹೆಸರು ಉಸ್ತಾದ್ ರುಕ್ನುದ್ದೀನ್. ಅವರ ಮುತ್ತಜ್ಜ ಇರಾನಿನಿಂದ ಈ ದಂಡೆಗೆ ಬಂದವನು. ಬರುವಾಗ ಅವನು ತಂದದ್ದು ನೇಯ್ದ ಸಾಲು ಬಡಿದು ಕೂರಿಸುವ ಒಂದು ಕಬ್ಬಿಣದ ಹಣಿಗೆ, ಮತ್ತೆ ತಲೆಯೊಳಗೆ ಒಂದು ತೋಟ.

ತೋಟ ಅಂದರೆ ಗಂಬಳಿಯ ಮೇಲಿನ ಚಿತ್ರ. ನಡುವೆ ನೀರಿನ ಕಾಲುವೆ, ಕಾಲುವೆಯಲ್ಲಿ ಮೀನು, ಎರಡೂ ಕಡೆ ದೀಪದ ಕುಡಿಯಂತೆ ನೆಟ್ಟಗೆ ನಿಂತ ಮರಗಳು. ಮಳೆ ಅಪರೂಪವಾದ ದೇಶದವರು ನೆಲದ ಮೇಲೆ ನೀರು ಹಾಸಿಕೊಂಡು ಕೂರುವುದಕ್ಕೆ ಕಂಡುಕೊಂಡ ಉಪಾಯ ಅದು. ಅದನ್ನು ಯಾರೂ ಎಲ್ಲಿಯೂ ಬರೆದಿಟ್ಟಿರಲಿಲ್ಲ. ತಂದೆಯ ಕೈ ನೋಡಿ ಮಗ ಕಲಿತದ್ದು, ಅಷ್ಟೇ. ಉಸ್ತಾದರಿಗೆ ಮಕ್ಕಳಿರಲಿಲ್ಲ. ಹಾಗಾಗಿ ತೋಟ ಈಗ ಅವರ ಕೈಯಲ್ಲಿ ಬಿಟ್ಟರೆ ಶಿಷ್ಯನ ಕೈಯಲ್ಲಿ ಅರ್ಧ ಮಾತ್ರ ಇತ್ತು.

ಶಿಷ್ಯನ ಹೆಸರು ಮಾಳಿಂಗ. ಕುರುಬರ ಮನೆಯವನು. ಅವನ ಮನೆಯವರು ಕರಿ ಕಂಬಳಿ ನೇಯುವವರು, ಆದ್ದರಿಂದ ಕೈ ಗಟ್ಟಿ. ಹಣಿಗೆ ಎತ್ತಿ ಬಡಿದರೆ ಮಗ್ಗವೇ ಅಲ್ಲಾಡುತ್ತಿತ್ತು.

"ನೆಲ ಅಗೀತಿಯೋ, ಗಂಬಳಿ ನೇಯ್ತಿಯೋ?" ಎಂದು ಉಸ್ತಾದರು ಕೇಳುತ್ತಿದ್ದರು.

ಉಣ್ಣೆಗೆ ಬಣ್ಣ ಹಾಕುವ ಬಡೇಮಾ ಅಂಗಳದಿಂದಲೇ ಹೇಳುತ್ತಿದ್ದಳು: "ಬಡೀಲಿ ಬಿಡ್ರಿ. ಮದಿವಿ ಆದ ಮ್ಯಾಲೆ ಕೈ ತಾನ ಹಗುರ ಆಗ್ತದ."

ಒಂದು ದಿನ ಸಂಸ್ಥಾನದ ಕಾರಭಾರಿ ಅಂಬಾಜಿಪಂತರು ಬಂದರು. ಅರಮನೆಯ ವ್ಯವಹಾರವೆಲ್ಲ ಇವರದೇ. ಇವರು ಹೇಳಿದ ಮೇಲೆ ಇನ್ನೊಬ್ಬರು ಹೇಳುವುದು ಇರಲಿಲ್ಲ.

"ರಾಣಿಯವರ ಹೊಸ ದಿವಾಣಖಾನಿ ಮುಗೀಲಿಕ್ಕೆ ಬಂದದ. ನಡುವ ಹಾಸಲಿಕ್ಕೆ ತೋಟದ ಗಂಬಳಿ ಬೇಕು," ಎಂದರು. "ನೆಲಕ್ಕ ಶಹಾಬಾದ್ ಕಲ್ಲು ಹಾಕ್ಯಾರ, ಸಾಲು ಸಾಲು. ಕಲ್ಲಿನ ಗೆರಿ ನೆಟ್ಟಗ ಇರ್ತದ ಉಸ್ತಾದ. ಅದರ ಮ್ಯಾಲೆ ಸೊಟ್ಟ ಗಂಬಳಿ ಹಾಸಿದರ ಕುರುಡನಿಗೂ ಕಾಣ್ತದ."

"ಕುರುಡನಿಗೆ ಮೊದಲು ಕಾಣ್ತದ ಪಂತರ. ಅಂವ ಕಾಲಿನಿಂದ ನೋಡ್ತಾನ," ಎಂದರು ಉಸ್ತಾದರು.

ಕಾರಭಾರಿ ನಕ್ಕರು. ಹೋಗುವಾಗ ಮಾಳಿಂಗನನ್ನು ಬಾಗಿಲ ಹೊರಗೆ ಕರೆದರು. ಅಲ್ಲಿ ಅವರ ಮುಖದಲ್ಲಿ ನಗು ಇರಲಿಲ್ಲ.

"ಮುದುಕನ ಕೈ ನಡುಗ್ತದ ಅಂತ ಅರಮನ್ಯಾಗ ಮಾತು ಅದ. ಇದೊಂದು ಸೊಟ್ಟ ಬಂತಂದ್ರ ಮಗ್ಗ ಅವನ ಕೈಯಾಗ ಇರೂದಿಲ್ಲ. ಬ್ಯಾರೆಯವರನ್ನ ಕೂಡಿಸ್ತೀನಿ."

"ಅವರಿಗೆ ಈ ಮಗ್ಗ ಬಿಟ್ಟರ ಏನೂ ಇಲ್ಲರಿ."

"ಗೊತ್ತದ. ಅದಕ್ಕ ನಿನಗ ಹೇಳಿದೆ. ಅವನಿಗೆ ಹೇಳಬ್ಯಾಡ. ಹೇಳಿದರ ಇನ್ನಷ್ಟು ನಡುಗ್ತದ."

ಆ ದಿನದಿಂದ ಮಾಳಿಂಗ ಉಸ್ತಾದರ ಮುಖ ನೋಡುವುದನ್ನು ಬಿಟ್ಟು ಕೈ ನೋಡತೊಡಗಿದ.

ಮುಂದಿನದು ತಿಳಿಯಬೇಕಾದರೆ ಮಗ್ಗದ ವಿಷಯ ಸ್ವಲ್ಪ ಹೇಳಬೇಕು. ಈ ಮಗ್ಗ ಗೋಡೆಯ ಹಾಗೆ ನಿಂತಿರುತ್ತದೆ. ಕೆಳಗೊಂದು ದಿಮ್ಮಿ, ಮೇಲೊಂದು ದಿಮ್ಮಿ. ಎರಡರ ನಡುವೆ ನೂಲಿನ ಎಳೆಗಳನ್ನು ಒತ್ತೊತ್ತಾಗಿ ಬಿಗಿದು ಕಟ್ಟುತ್ತಾರೆ. ಇದಕ್ಕೆ ಹಾಸು ಎನ್ನುತ್ತಾರೆ. ಈ ಹಾಸಿನ ಎಳೆಗಳಿಗೆ ಬಣ್ಣದ ಉಣ್ಣೆಯನ್ನು ಬೆರಳಿನಿಂದ ಗಂಟು ಹಾಕುತ್ತ ಹೋಗಬೇಕು. ಒಂದು ಸಾಲು ಗಂಟು ಮುಗಿದ ಮೇಲೆ ಅದರ ಮೇಲೆ ಅಡ್ಡ ಎಳೆ ಸೇರಿಸಿ ಹಣಿಗೆಯಿಂದ ಕೆಳಗೆ ಬಡಿಯಬೇಕು. ಹೀಗೆ ಸಾಲಿನ ಮೇಲೆ ಸಾಲು ಏರಿ ಗಂಬಳಿ ಬೆಳೆಯುತ್ತದೆ. ಉಸ್ತಾದರು ಹಲಗೆಯ ಎಡಗಡೆ ಕೂರುವರು, ಮಾಳಿಂಗ ಬಲಗಡೆ. ಅರ್ಧ ತೋಟ ಅವರದು, ಅರ್ಧ ಇವನದು.

ಕಾರಭಾರಿ ಬಂದುಹೋದ ವಾರವೇ ಉಸ್ತಾದರಿಗೆ ಜ್ವರ ಬಂತು. ಅವರು ಮಲಗಿದ್ದಾಗ ಮಾಳಿಂಗ ಒಬ್ಬನೇ ಹಾಸು ಕಟ್ಟಿದ.

ಕಟ್ಟುವಾಗ ಅವನಿಗೊಂದು ಯೋಚನೆ ಬಂತು. ಎಳೆ ಸಡಿಲವಿದ್ದರೆ ಬೆರಳಿಗೆ ಸಿಗದೆ ಜಾರುತ್ತದೆ. ಬಿಗಿಯಾಗಿದ್ದರೆ ಗಂಟು ಸಲೀಸು. ಉಸ್ತಾದರ ಬೆರಳಿಗೆ ತೊಂದರೆ ಆಗಬಾರದು. ಹಾಗೆಂದುಕೊಂಡು ಎಡಗಡೆಯ ಎಳೆಗಳನ್ನು ಮಾತ್ರ ಏಕತಾರಿಯ ತಂತಿಯ ಹಾಗೆ ಬಿಗಿದ. ಬಿಗಿದು ಬಿಗಿದು ಅಂಗೈ ಸುಲಿದುಹೋಯಿತು.

ಜ್ವರ ಬಿಟ್ಟ ಮೇಲೆ ಉಸ್ತಾದರು ಬಂದು ಮಗ್ಗದ ಮುಂದೆ ನಿಂತರು. ಎಡಗಡೆಯ ಒಂದು ಎಳೆಯನ್ನು ಉಗುರಿನಿಂದ ಮೀಟಿದರು. ಬಲಗಡೆಯದನ್ನೂ ಮೀಟಿದರು.

"ಹಾಸು ಕಟ್ಟಿದವರು ಯಾರು?"

"ನಾನ ರೀ."

"ಒಬ್ಬನ?"

"ಒಬ್ಬನ ರೀ."

ಉಸ್ತಾದರು ಅವನ ಮುಖ ನೋಡಿದರು. ಆಮೇಲೆ ಅವನ ಅಂಗೈ ನೋಡಿದರು.

"ಭಾಳ ಕಷ್ಟ ಪಟ್ಟೀದಿ," ಎಂದು ಹೇಳಿ ತಮ್ಮ ಜಾಗದಲ್ಲಿ ಕೂತರು.

ಮಾಳಿಂಗನಿಗೆ ಅದು ಹೊಗಳಿಕೆಯಾಗಿ ಕೇಳಿಸಿತು. ಆ ದಿನ ಅವನಿಗೆ ಊಟ ಎರಡು ಪಾಲು ಸೇರಿತು.

ನೇಯ್ಗೆ ಶುರುವಾಯಿತು. ಮೊದಲು ಅಂಚು ಬಂತು, ಆಮೇಲೆ ಕಾಲುವೆಯ ಬಾಯಿ ಬಂತು. ಮೀನಿನ ಬಾಲ ಕಾಣುವ ಹೊತ್ತಿಗೆ ಮಾಳಿಂಗ ಒಂದು ಸಂಗತಿ ಗಮನಿಸಿದ.

ಎಡಗಡೆಯ ಸಾಲುಗಳು ಬಲಗಡೆಯವಕ್ಕಿಂತ ಎತ್ತರವಾಗಿದ್ದವು. ಹೆಚ್ಚೇನಿಲ್ಲ, ಒಂದು ಬೆರಳಿನ ದಪ್ಪ. ಆದರೆ ಶಹಾಬಾದ್ ಕಲ್ಲಿನ ಗೆರೆಯ ಮೇಲೆ ಒಂದು ಬೆರಳೂ ಕಾಣುತ್ತದೆ.

ಅವನು ಉಸ್ತಾದರ ಕೈ ನೋಡಿದ. ಹಣಿಗೆ ಮೆಲ್ಲಗೆ ಏರುತ್ತಿತ್ತು, ಮೆಲ್ಲಗೆ ಇಳಿಯುತ್ತಿತ್ತು. ಮಲಗಿದ ಮಗುವಿನ ಬೆನ್ನು ತಟ್ಟಿದ ಹಾಗೆ.

ಕೈಯಲ್ಲಿ ಬಲ ಇಲ್ಲ ಎಂದುಕೊಂಡ ಮಾಳಿಂಗ. ಬಲವಿಲ್ಲದ ಕೈ ಬಡಿದರೆ ಸಾಲು ಕೂರುವುದಿಲ್ಲ. ಸಾಲು ಕೂರದಿದ್ದರೆ ಎತ್ತರವಾಗುತ್ತದೆ. ಕಾರಭಾರಿ ಹೇಳಿದ್ದು ಹಾಗಾದರೆ ಸುಳ್ಳಲ್ಲ.

ಕೇಳಬೇಕು ಅನಿಸಿತು. ಏನೆಂದು ಕೇಳುವುದು? ನಿಮ್ಮ ಕೈ ಸೋತಿದೆಯಾ ಎಂದು ಗುರುವನ್ನು ಕೇಳುವುದು ಹೇಗೆ?

ಮಧ್ಯಾಹ್ನ ಉಸ್ತಾದರು ಕೈಕಾಲು ತೊಳೆದು ನಮಾಜು ಮಾಡಲು ಹೊಳೆಗೆ ಹೋಗುತ್ತಿದ್ದರು. ಅವರು ಮರೆಯಾದ ಮೇಲೆ ಮಾಳಿಂಗ ಹಲಗೆಯ ಮೇಲೆ ಎಡಕ್ಕೆ ಸರಿದ. ತನ್ನ ಭಾರದ ಹಣಿಗೆ ತೆಗೆದುಕೊಂಡು ಅವತ್ತಿನ ಸಾಲುಗಳ ಮೇಲೆ ಬಡಿದ. ಎಡಗಡೆ ಇಳಿಯಿತು. ಬಲಗಡೆಗೆ ಸರಿಯಾಗಿ ಬಂದು ನಿಂತಿತು.

ಉಸ್ತಾದರು ಬಂದು ಕೂತರು. ಸಾಲಿನ ಮೇಲೆ ಬೆರಳಾಡಿಸಿದರು. ಬೆರಳು ಒಂದು ಕಡೆ ನಿಂತಿತು.

ಮಾಳಿಂಗ ತನ್ನ ಕಡೆಯ ಗಂಟು ಹಾಕತೊಡಗಿದ.

"ಗಾಳಿ ಜೋರಿತ್ತೇನು?" ಎಂದು ಉಸ್ತಾದರು ಕೇಳಿದರು.

"ಇಲ್ಲರಿ."

"ಹಂಗಾರ ಸರಿ."

ಮರುದಿನ ಎಡಗಡೆ ಮತ್ತೆ ಎತ್ತರವಾಯಿತು. ನಿನ್ನೆಗಿಂತ ಹೆಚ್ಚು ಎತ್ತರ. ಮಾಳಿಂಗ ಮತ್ತೆ ಬಡಿದ, ನಿನ್ನೆಗಿಂತ ಜೋರಾಗಿ ಬಡಿದ. ಅದರ ಮರುದಿನವೂ ಹಾಗೆಯೇ ಆಯಿತು. ಒಬ್ಬರು ಏರಿಸುವುದು, ಇನ್ನೊಬ್ಬ ಇಳಿಸುವುದು. ಬೇಸಿಗೆ ಕಳೆಯಿತು, ಹೊಳೆಗೆ ಕೆಂಪು ನೀರು ಬಂತು. ಹಲಗೆಯ ಮೇಲೆ ಮಾತು ಕಡಿಮೆಯಾಯಿತು. ಮೊದಲೆಲ್ಲ ಉಸ್ತಾದರು ನೇಯುತ್ತ ಹಾಡಿನಂತೆ ಬಣ್ಣ ಹೇಳುತ್ತಿದ್ದರು: ನೀಲಿ ಎರಡು, ಬಿಳಿ ಒಂದು, ಮೀನಿನ ಕಣ್ಣಿಗೆ ಕಪ್ಪು. ಈಗ ಅದೂ ನಿಂತಿತು.

"ಏನಾತು ನಿಮಗ?" ಎಂದು ಬಡೇಮಾ ಇಬ್ಬರಿಗೂ ಚಹಾ ಕೊಡುತ್ತ ಕೇಳಿದಳು. "ಸತ್ತವರ ಮನ್ಯಾಗ ಕೂತಂಗ ಕೂಡ್ತೀರಿ."

"ಅವನ್ನ ಕೇಳು," ಎಂದರು ಉಸ್ತಾದರು.

"ಅವರನ್ನ ಕೇಳು," ಎಂದ ಮಾಳಿಂಗ.

"ನನಗ ಬಣ್ಣ ಕುದಿಸೂದದ," ಎಂದು ಅವಳು ಎದ್ದು ಹೋದಳು.

ಒಂದು ದಿನ ಉಸ್ತಾದರು ಕೆಲಸ ನಿಲ್ಲಿಸಿ, ಹಾಸಿನ ನೂಲಿನ ಒಂದು ತುಂಡು ತೆಗೆದುಕೊಂಡರು. ಎರಡೂ ಕೈಯಲ್ಲಿ ಹಿಡಿದು ಗಟ್ಟಿಯಾಗಿ ಎಳೆದರು. ಹಲಗೆಗೆ ಒತ್ತಿ ಹಿಡಿದು, "ಎಲ್ಲಿಂದ ಎಲ್ಲೀತನ ಬಂತು, ನೋಡಿಕೋ," ಎಂದರು. ಆಮೇಲೆ ಒಂದು ಕೈ ಬಿಟ್ಟರು.

"ಏನು ಕಂಡಿ?"

"ನೂಲು ಕುಗ್ಗಿತ್ರಿ."

"ಇನ್ನೇನು?"

ಮಾಳಿಂಗ ನೂಲು ನೋಡಿದ, ಗುರುವಿನ ಕೈ ನೋಡಿದ. ನೂಲು ಬಿಟ್ಟ ಕೈ ಸಣ್ಣಗೆ ನಡುಗುತ್ತಿತ್ತು. ಅವನಿಗೆ ಕಂಡದ್ದು ಅದೊಂದೇ. ಅದನ್ನು ಹೇಳಲು ನಾಲಿಗೆ ಬರಲಿಲ್ಲ.

"ಇನ್ನೇನೂ ಇಲ್ಲರಿ."

ಉಸ್ತಾದರು ನೂಲನ್ನು ಪಕ್ಕಕ್ಕಿಟ್ಟು ಮತ್ತೆ ಗಂಟು ಹಾಕತೊಡಗಿದರು.

ಕೊನೆಗೆ ಮೇಲಿನ ಅಂಚೂ ಮುಗಿಯಿತು. ತೋಟ ಪೂರ್ತಿಯಾಯಿತು. ಮಗ್ಗದ ಮೇಲೆ ಗಂಬಳಿ ದಾರ ಹಿಡಿದ ಹಾಗೆ ನೆಟ್ಟಗೆ ನಿಂತಿತ್ತು. ಮಾಳಿಂಗ ದೂರ ನಿಂತು ನೋಡಿದ. ಎಡಗಡೆ ಬಲಗಡೆ ಒಂದೇ ಮಟ್ಟ. ಇಷ್ಟು ದಿನ ಕದ್ದು ಬಡಿದದ್ದಕ್ಕೂ ಸಾರ್ಥಕವಾಯಿತು, ಉಸ್ತಾದರ ಮಗ್ಗ ಉಳಿಯಿತು ಎಂದುಕೊಂಡ.

ಗಂಬಳಿ ಕತ್ತರಿಸುವ ದಿನ ಬಂತು. ಮೇಲಿನ ದಿಮ್ಮಿಯ ಹತ್ತಿರ ಹಾಸಿನ ಎಳೆಗಳನ್ನು ಕತ್ತರಿಸಿ ಗಂಬಳಿಯನ್ನು ಮಗ್ಗದಿಂದ ಇಳಿಸಬೇಕು. ಮಧ್ಯಾಹ್ನ ಕಾರಭಾರಿ ಅಳೆದು ನೋಡಲು ಬರುವವರಿದ್ದರು.

ಚೂರಿ ಹಿಡಿಯುವುದು ಗುರುವಿನ ಹಕ್ಕು. ಉಸ್ತಾದರು ಅದನ್ನು ಮಾಳಿಂಗನ ಕಡೆ ಚಾಚಿದರು.

"ನೀ ಕೊಯ್ಯಿ."

"ನೀವಿದ್ದಾಗ ನಾ ಹೆಂಗ ರೀ?"

"ಕೊಯ್ಯಿ. ನಾ ಕೆಳಗ ಹಿಡ್ಕೋತೀನಿ."

ಮಾಳಿಂಗ ಬಲಗಡೆಯಿಂದ ಶುರು ಮಾಡಿದ. ಎಳೆಗಳು ಮೆತ್ತಗೆ ಬಿಚ್ಚಿಕೊಂಡವು. ನಡುವಿನ ತನಕ ಹೀಗೆಯೇ. ಎಡಗಡೆಗೆ ಬಂದಾಗ ಸದ್ದು ಬದಲಾಯಿತು. ಪ್ರತಿ ಎಳೆಯೂ ಟಣ್ ಎಂದು ಹರಿದು ಕೆಳಕ್ಕೆ ಓಡಿತು. ಆದರೂ ನಿಲ್ಲಿಸುವ ಹಾಗಿರಲಿಲ್ಲ. ಅರ್ಧ ಕತ್ತರಿಸಿದ ಗಂಬಳಿಯನ್ನು ಮತ್ತೆ ಮಗ್ಗಕ್ಕೆ ಕಟ್ಟುವುದಕ್ಕಾಗುವುದಿಲ್ಲ.

ಗಂಬಳಿ ಕೆಳಗೆ ಬಂತು. ಇಬ್ಬರೂ ಸೇರಿ ನೆಲದ ಮೇಲೆ ಹಾಸಿದರು.

ಎಡಗಡೆ ಗಿಡ್ಡವಾಗಿತ್ತು. ಗೇಣಿನಷ್ಟು ಗಿಡ್ಡ. ಮೇಲಿನ ಅಂಚು ಎಡಕ್ಕೆ ಓಲಿತ್ತು, ಕಾಲುವೆ ಸೊಟ್ಟಗಾಗಿತ್ತು. ಮರಗಳೆಲ್ಲ ಗಾಳಿಗೆ ಸಿಕ್ಕಿದ ಹಾಗೆ ವಾಲಿದ್ದವು.

ಮಾಳಿಂಗನಿಗೆ ಆಗ ಆ ನೂಲಿನ ತುಂಡು ಕಣ್ಣಿಗೆ ಕಟ್ಟಿತು. ಎಳೆದ ನೂಲು ಬಿಟ್ಟರೆ ಕುಗ್ಗುತ್ತದೆ. ಹೆಚ್ಚು ಎಳೆದದ್ದು ಹೆಚ್ಚು ಕುಗ್ಗುತ್ತದೆ. ಎಡಗಡೆಯನ್ನು ಹೆಚ್ಚು ಎಳೆದು ಕಟ್ಟಿದವನು ತಾನು. ಇಳಿಸಿದ ಮೇಲೆ ಆ ಕಡೆ ಕುಗ್ಗುವುದೆಂದು ತಿಳಿದೇ ಉಸ್ತಾದರು ಮೊದಲೇ ಎತ್ತರ ಬಿಟ್ಟು ನೇಯುತ್ತಿದ್ದರು. ಮಗ್ಗದ ಮೇಲೆ ಸೊಟ್ಟ ಕಂಡರೆ ನೆಲದ ಮೇಲೆ ನೆಟ್ಟಗೆ ಬರುತ್ತಿತ್ತು. ಆ ಎತ್ತರವನ್ನು ದಿನಾ ಬಡಿದು ಬಡಿದು ತೆಗೆದವನೂ ತಾನೇ.

ಅವನು ಗಂಬಳಿಯ ಪಕ್ಕ ಕೂತ.

"ನಿಮಗ ಗೊತ್ತಿತ್ರಿ."

"ಬೆರಳಿಗೆ ಗೊತ್ತಾಗದ ಇರ್ತದೇನು?"

"ಮತ್ತ ಯಾಕ ಹೇಳಲಿಲ್ಲರಿ?"

ಉಸ್ತಾದರು ಗಂಬಳಿಯ ಸೊಟ್ಟ ಅಂಚಿನ ಪಕ್ಕದಲ್ಲಿ ಕೂತರು. "ಬಡೀಬ್ಯಾಡ ಅಂದಿದ್ದರ, ಯಾಕ ಎತ್ತರ ಬಿಟ್ಟೀನಿ ಅನ್ನೂದೂ ಹೇಳಬೇಕಾಗ್ತಿತ್ತು. ನಿನ್ನ ಹಾಸು ತಪ್ಪದ ಅಂತ ಹೇಳಬೇಕಾಗ್ತಿತ್ತು. ಅಂಗೈ ಸುಲಕೊಂಡು ಕಟ್ಟಿದ್ದಿ. ನಾಳೆ ಹೇಳೂಣು, ನಾಡದು ಹೇಳೂಣು ಅಂದೆ. ಅಷ್ಟರಾಗ ಮ್ಯಾಲಿನ ಅಂಚು ಬಂತು. ನೀ ಯಾಕ ಕೇಳಲಿಲ್ಲ?"

"ನಿಮ್ಮ ಕೈ ಸೋತದ ಅಂತ ತಿಳಿದಿದ್ದೆ ರೀ. ಕೇಳಿದರ ನಿಮಗ ನೋವಾಗ್ತದ ಅಂತ..."

"ನಾ ನಿನ್ನ ತಪ್ಪು ಮುಚ್ಚಲಿಕ್ಕೆ ಹೋದೆ. ನೀ ನಂದು ಮುಚ್ಚಲಿಕ್ಕೆ ಹೋದಿ," ಎಂದರು ಉಸ್ತಾದರು. "ಗಂಬಳೀಗೆ ಮಾತ್ರ ಯಾರೂ ಇರಲಿಲ್ಲ."

ಮಾಳಿಂಗ ತಟ್ಟನೆ ಎದ್ದ. "ನೀರು ಹಾಕಿ ನೆನಸೂಣರಿ. ಎಡಗಡೆ ಎಳದು ನೆಲಕ್ಕ ಮೊಳಿ ಬಡದರ ನೆಟ್ಟಗ ಆಗ್ತದ. ಬಿಸಲು ಅದ, ಪಂತರು ಬರೂತನ ಒಣಗ್ತದ."

"ಆಗ್ತದ."

"ಮಾಡಲೇನ್ರಿ?"

"ಮೊದಲನೇ ಸಲ ಒಗದಾಗ ಮತ್ತ ಇದ್ದಲ್ಲಿಗೆ ಬರ್ತದ. ಆವಾಗ ಅದರ ಮ್ಯಾಲೆ ಕೂತವರಿಗೆ ನೀ ಏನು ಹೇಳ್ತಿ?"

ಮಾಳಿಂಗ ಕೈಗೆ ತೆಗೆದುಕೊಂಡಿದ್ದ ಕೊಡವನ್ನು ಕೆಳಗಿಟ್ಟ.

ಕಾರಭಾರಿ ಬಂದರು. ಒಂದು ನೂಲುಂಡೆ ತರಿಸಿ ತಾವೇ ಬಗ್ಗಿ ಅಳೆದರು. ಮೊದಲು ಬಲಗಡೆ, ಆಮೇಲೆ ಎಡಗಡೆ. ಎರಡು ಸಲ ಅಳೆದರು.

"ಬಲಗಡೆ ಹೇಳಿದಷ್ಟ ಅದ," ಎಂದರು. "ಎಡಗಡೆ ಯಾರದು?"

"ನಂದು," ಎಂದರು ಉಸ್ತಾದರು.

"ಅಲ್ಲರಿ ಪಂತರ," ಎಂದು ಮಾಳಿಂಗ ಮುಂದೆ ಬಂದ. "ಅವರು ನೇಯ್ದದ್ದು ಸರಿ ಇತ್ತು. ಹಾಸು ತಪ್ಪು ಕಟ್ಟಿದಾಂವ ನಾನು. ದಿನಾ ಮಧ್ಯಾಹ್ನ ಅವರು ಹೊಳಿಗೆ ಹೋದಾಗ ಎಡಗಡೆ ಬಡದು ಕೆಡಿಸಿದಾಂವನೂ ನಾನು."

ಕಾರಭಾರಿ ಅವನನ್ನು ಮೇಲಿನಿಂದ ಕೆಳಗಿನ ತನಕ ನೋಡಿದರು. ಆಮೇಲೆ ಮೀಸೆಯಡಿ ನಕ್ಕರು.

"ಉಸ್ತಾದ, ಕೈ ಹೋದರೂ ಶಿಷ್ಯನ್ನ ಛಲೋ ಗಳಿಸೀದಿ."

"ಸುಳ್ಳಲ್ಲರಿ. ದೇವರಾಣಿ ಖರೇನ ಹೇಳ್ತೀನಿ."

"ಆಣಿ ಮಾಡಿದಷ್ಟೂ ನಿನ್ನ ಮ್ಯಾಲೆ ನನಗ ಪ್ರೀತಿ ಹೆಚ್ಚಾಗ್ತದ. ಗುರುವಿನ ಸಲುವಾಗಿ ಇಷ್ಟು ಮಾಡಾಂವ ಮಗ್ಗದ ಸಲುವಾಗಿ ಎಷ್ಟು ಮಾಡ್ಯಾನು. ನಾಳಿಯಿಂದ ಈ ಮಗ್ಗ ನಿಂದು. ನೀನ ಉಸ್ತಾದ."

ನಿಜ ಹೇಳಿದರೆ ಗುರುವಿನ ಮಗ್ಗ ಉಳಿಯುತ್ತದೆ ಎಂದುಕೊಂಡು ಮಾಳಿಂಗ ಹೇಳಿದ್ದ. ಆ ನಿಜವೇ ಅದನ್ನು ತನ್ನ ಕೈಗೆ ತಂದು ಹಾಕಿತ್ತು. ಅವನು ಗುರುವಿನ ಕಡೆ ತಿರುಗಿದ.

"ನೀವರೆ ಹೇಳ್ರಿ."

"ಹಲಗಿ ಮ್ಯಾಲೆ ಎಡಕ್ಕ ಕೂತಾಂವ ನಾನು," ಎಂದರು ಉಸ್ತಾದರು. "ಎಡಗಡೆ ನಂದು."

ಕಾರಭಾರಿಯ ಆಳುಗಳು ಗಂಬಳಿ ಸುತ್ತಿ ಹೆಗಲ ಮೇಲಿಟ್ಟುಕೊಂಡರು. "ದಿವಾಣಖಾನಿಗೆ ಬ್ಯಾಡ. ಹಿಂದಿನ ಖೋಲಿಗೆ ಆದೀತು," ಎನ್ನುತ್ತ ಕಾರಭಾರಿ ಹೊರಟರು.

ಆ ಸಂಜೆ ಮಾಳಿಂಗ ಉಸ್ತಾದರ ಮುಂದೆ ಬರಲಿಲ್ಲ. ಬೆಳಿಗ್ಗೆ ಎದ್ದು ತನ್ನ ಕಂಬಳಿ ಮಡಚಿ ಹೆಗಲಿಗೆ ಹಾಕಿಕೊಂಡ. ಕುರಿಗಳ ಹಿಂದೆ ಹೋಗುವುದೇ ವಾಸಿ ಎಂದು ತೀರ್ಮಾನಿಸಿದ್ದ. ತಾನಿಲ್ಲದಿದ್ದರೆ ಮಗ್ಗ ಮತ್ತೆ ಅವರಿಗೇ ಸಿಗಬಹುದು ಎಂಬುದು ಅವನ ಲೆಕ್ಕ.

ಅಂಗಳದಲ್ಲಿ ಬಡೇಮಾ ಒಲೆಗೆ ಕಟ್ಟಿಗೆ ಇಡುತ್ತಿದ್ದಳು. ಅವನ ಹೆಗಲ ಮೇಲಿನ ಕಂಬಳಿ ನೋಡಿದಳು.

"ಎಲ್ಲಿಗೆ ಹೊಂಟಿ?"

"ಊರಿಗೆ."

"ಹೋಗು. ಪಂತರು ನಾಳೆ ಇನ್ನೊಬ್ಬನ್ನ ತಂದು ಕೂಡಿಸ್ತಾರ. ಅವನಿಗೆ ಮೀನಿನ ಕಣ್ಣು ಎಲ್ಲಿರ್ತದ ಅನ್ನೂದೂ ಗೊತ್ತಿರೂದಿಲ್ಲ," ಎಂದಳು. "ಹೋಗೂದಕ್ಕ ಮೊದಲು ಒಳಗ ಒಮ್ಮಿ ನೋಡು. ಹೊತ್ತು ಮೂಡೂದಕ್ಕ ಮೊದಲ ಬಂದು ಕೂತಾರ."

ಮಾಳಿಂಗ ಬಾಗಿಲಲ್ಲಿ ನಿಂತು ಒಳಗೆ ನೋಡಿದ.

ಮಗ್ಗ ಖಾಲಿಯಾಗಿತ್ತು. ಹಳೆಯ ಎಳೆಗಳನ್ನೆಲ್ಲ ಬಿಡಿಸಿ ತೆಗೆದಾಗಿತ್ತು. ಹಲಗೆ ಒರೆಸಿ ಇಟ್ಟಿತ್ತು. ಉಸ್ತಾದರು ಹಲಗೆಯ ಬಲಗಡೆ, ಶಿಷ್ಯ ಕೂರುವ ಜಾಗದಲ್ಲಿ ಕೂತಿದ್ದರು. ಎಡಗಡೆ ಖಾಲಿ ಬಿಟ್ಟಿದ್ದರು. ಅವರ ತೊಡೆಯ ಮೇಲೆ ಹೊಸ ನೂಲಿನ ಉಂಡೆ ಇತ್ತು. ಅದರ ತುದಿಯನ್ನು ಕೆಳಗಿನ ದಿಮ್ಮಿಗೆ ಕಟ್ಟಿ, ಮೇಲಕ್ಕೆ ಎಳೆದು, ಬಿಗಿಯದೆ ಕೈಯಲ್ಲಿ ಹಿಡಿದುಕೊಂಡಿದ್ದರು. ಎಷ್ಟು ಹೊತ್ತಿನಿಂದ ಹಿಡಿದಿದ್ದರೋ, ಕೈ ನಡುಗುತ್ತಿತ್ತು. ಅದನ್ನು ಅವರು ಮುಚ್ಚಿಕೊಳ್ಳಲಿಲ್ಲ.

"ನಿಮ್ಮ ಕೈ ನಡುಗ್ತದರಿ," ಎಂದ ಮಾಳಿಂಗ. ಇಷ್ಟು ದಿನ ನಾಲಿಗೆಯ ತುದಿಯಲ್ಲಿ ನಿಂತಿದ್ದ ಮಾತು ಹೊರಗೆ ಬಂದಿತ್ತು.

"ಹೌದು, ಭಾಳ ದಿನಾ ಆತು. ಬೆರಳು ಮಾತ್ರ ಇನ್ನೂ ನೆಟ್ಟಗ ಅವ."

ಮಾಳಿಂಗ ಹೆಗಲ ಮೇಲಿನ ಕಂಬಳಿ ಇಳಿಸಿದ. ಬಂದು ಹಲಗೆಯ ಮುಂದೆ ನಿಂತ. ಎಡಗಡೆ ಕೂರಲು ಅವನಿಗೆ ಧೈರ್ಯ ಬರಲಿಲ್ಲ. ನಿಂತೇ ಇದ್ದ. ಉಸ್ತಾದರು ಕಾದರು. ಕೊನೆಗೆ ಅವನು ಕೂತ.

ಉಸ್ತಾದರು ಕೈಯಲ್ಲಿದ್ದ ಎಳೆಯನ್ನು ಅವನ ಕಡೆ ಸ್ವಲ್ಪ ಎತ್ತಿ ಹಿಡಿದು ಕೇಳಿದರು:

"ಉಸ್ತಾದರ, ನನ್ನ ಕಡೆ ಎಷ್ಟು ಬಿಗೀಲ್ರಿ?"